ನಾಣ್ಯದಲ್ಲಿ ಏನೋ ಎಡವಟ್ಟು ಕಂಡಾಗ: ನಕಲಿ, ಎರರ್, ವೆರೈಟಿ ಗುರುತಿಸುವ ಬಗೆ

ಕೈಗೆ ಬಂದ ನಾಣ್ಯ ಯಾಕೋ ಸರಿಯಿಲ್ಲ ಅನ್ನಿಸುತ್ತದೆ. ಅಕ್ಷರಗಳು ಎರಡೆರಡಾಗಿ ಕಾಣುತ್ತವೆ, ಇಲ್ಲವೇ ಅಂಚಿನ ಒಂದು ತುಣುಕೇ ಇಲ್ಲ, ಇಲ್ಲವೇ ಇಸವಿ ಇರಬೇಕಾದ ಜಾಗ ಬೋಳಾಗಿದೆ. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡುವುದು ಅಂಥದ್ದೇ ಫೋಟೊ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕುವುದು. ಅದನ್ನು ಕೊನೆಗೆ ಮಾಡಿ. ಫೋಟೊ ನೋಡಿದ ಕಣ್ಣು ತನಗೆ ಬೇಕಾದ್ದನ್ನೇ ನಾಣ್ಯದಲ್ಲಿ ಹುಡುಕತೊಡಗುತ್ತದೆ. ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಇದು ಯಾವ ಹಂತದಲ್ಲಿ ಆದದ್ದು?

ನಾಣ್ಯ ತಯಾರಾಗುವುದು ಮೂರು ಹಂತಗಳಲ್ಲಿ. ಲೋಹದ ಹಾಳೆಯಿಂದ ದುಂಡು ಬಿಲ್ಲೆ ಕತ್ತರಿಸಿ ಅಂಚು ಎಬ್ಬಿಸುವುದು ಒಂದು. ಚಿತ್ರ, ಅಕ್ಷರಗಳನ್ನೆಲ್ಲ ಉಲ್ಟಾ ಮತ್ತು ತಗ್ಗಾಗಿ ಮೂಡಿಸಿದ ಉಕ್ಕಿನ ಅಚ್ಚು, ಅಂದರೆ ಡೈ, ಮಾಡುವುದು ಇನ್ನೊಂದು. ಮೇಲೊಂದು ಕೆಳಗೊಂದು ಡೈ, ಸುತ್ತ ಕಾಲರ್ ಎಂಬ ಉಕ್ಕಿನ ಉಂಗುರ, ನಡುವೆ ಬಿಲ್ಲೆ ಇಟ್ಟು ಹೊಡೆಯುವುದು ಮೂರನೆಯದು. ಎರರ್, ಅಂದರೆ ಟಂಕಸಾಲೆಯಲ್ಲೇ ಆದ ತಪ್ಪು, ಅನ್ನಿಸಿಕೊಳ್ಳುವುದೆಲ್ಲ ಈ ಮೂರರಲ್ಲಿ ಎಲ್ಲಾದರೂ ಒಂದು ಕಡೆ ಹುಟ್ಟಿರಲೇಬೇಕು. ವೆರೈಟಿ, ಅಂದರೆ ಒಂದೇ ನಾಣ್ಯದ ತುಸು ಬೇರೆಯಾದ ರೂಪ, ಸಾಮಾನ್ಯವಾಗಿ ಹುಟ್ಟುವುದು ಡೈಯಲ್ಲಿ. ಹಾಗಾಗಿಯೇ ಆ ಡೈಯಿಂದ ಬಂದ ಎಲ್ಲ ನಾಣ್ಯಗಳಲ್ಲೂ ಅದು ಒಂದೇ ತೆರನಾಗಿ ಕಾಣುತ್ತದೆ. ಟಂಕಸಾಲೆಯ ಬಾಗಿಲು ದಾಟಿದ ಮೇಲೆ ಆದದ್ದು ಏಟು, ಸವೆತ ಅಥವಾ ಯಾರದೋ ಕೈವಾಡ. ನಿಮ್ಮ ನಾಣ್ಯದ ದೋಷ ಇಂಥ ಹಂತದಲ್ಲಿ ಹೀಗೆ ಆಗಿರಬೇಕು ಎಂದು ಬಾಯಿಬಿಟ್ಟು ಹೇಳಲು ಬಾರದಿದ್ದರೆ ಅದಕ್ಕೆ ಎರರ್ ಎಂಬ ಹೆಸರು ಕೊಡಬೇಡಿ. ನಾನು ಇಷ್ಟು ವರ್ಷ ಗಟ್ಟಿಯಾಗಿ ಹಿಡಿದುಕೊಂಡಿರುವ ನಿಯಮ ಇದೊಂದೇ.

ಮೊದಲು ತೂಕ, ಆಮೇಲೆ ಕಣ್ಣು

ಬೇಕಾದ ಸಾಮಾನು ಕಡಿಮೆ. 0.01 ಗ್ರಾಂವರೆಗೆ ತೋರಿಸುವ ಸಣ್ಣ ತೂಕದ ಯಂತ್ರ, ವ್ಯಾಸ ಮತ್ತು ದಪ್ಪ ಅಳೆಯುವ ಕ್ಯಾಲಿಪರ್, ಐದರಿಂದ ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಲೂಪ್, ಒಂದು ಅಯಸ್ಕಾಂತ, ಕತ್ತು ತಿರುಗಿಸಬಹುದಾದ ಒಂಟಿ ದೀಪ. ಕಂಪ್ಯೂಟರಿಗೆ ಜೋಡಿಸುವ ಸೂಕ್ಷ್ಮದರ್ಶಕ ಬೇಡವೇ ಎಂದರೆ, ಶುರುವಿನಲ್ಲಿ ಬೇಡ ಎನ್ನುತ್ತೇನೆ. ಇನ್ನೂರು ಪಟ್ಟಿನಲ್ಲಿ ನೋಡಿದರೆ ಎಂಥ ಸಾದಾ ನಾಣ್ಯದಲ್ಲೂ ಬಿರುಕು, ನೆರಳು, ಎರಡೆರಡು ಗೆರೆ ಕಾಣುತ್ತವೆ. ಹತ್ತು ಪಟ್ಟಿನಲ್ಲಿ ಕಾಣದ ದೋಷಕ್ಕೆ ಸಂಗ್ರಹಕಾರರ ನಡುವೆ ಬೆಲೆ ಇರುವುದು ತೀರ ಅಪರೂಪ.

ಆ ನಾಣ್ಯದ ಅಧಿಕೃತ ತೂಕ, ವ್ಯಾಸ, ಲೋಹ ಮೂರನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ವಿಕ್ಟೋರಿಯಾ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ, ನೂರಕ್ಕೆ 91.7 ಭಾಗ ಬೆಳ್ಳಿ. ಅಮೆರಿಕದ ಮಾರ್ಗನ್ ಡಾಲರ್ 26.73 ಗ್ರಾಂ, 38.1 ಮಿಲಿಮೀಟರ್, ನೂರಕ್ಕೆ 90 ಭಾಗ ಬೆಳ್ಳಿ. ಬ್ರಿಟನ್ನಿನ ಚಿನ್ನದ ಸಾವರಿನ್ 7.988 ಗ್ರಾಂ, 22.05 ಮಿಲಿಮೀಟರ್. ಸಾವರಿನ್ ಗಾತ್ರಕ್ಕೆ ಸರಿಯಾಗಿ ಹಿತ್ತಾಳೆಯಲ್ಲಿ ಮಾಡಿದರೆ ತೂಕ ನಾಲ್ಕು ಗ್ರಾಂ ಆಸುಪಾಸಿಗೆ ಇಳಿದುಬಿಡುತ್ತದೆ. ತೂಕ ಸರಿ ಮಾಡಲು ಹೋದರೆ ದಪ್ಪ ಹೆಚ್ಚಬೇಕು. ಅದಕ್ಕೇ ತೂಕ, ವ್ಯಾಸ, ದಪ್ಪ ಮೂರನ್ನೂ ಒಟ್ಟಿಗೆ ನೋಡಬೇಕು, ಒಂದು ಸರಿಯಿದೆ ಎಂದು ನಿಲ್ಲಬಾರದು.

ತೂಕ ಕಡಿಮೆ ಬಂದ ತಕ್ಷಣ ನಕಲಿ ಎನ್ನಬೇಡಿ. ಅಕ್ಷರ ಅಳಿಸುವಷ್ಟು ಸವೆದ ನಾಣ್ಯ ಒಂದಿಷ್ಟು ತೂಕ ಕಳೆದುಕೊಂಡಿರುವುದು ಸಹಜ. ಕೂದಲೆಳೆ ಎಣಿಸುವಷ್ಟು ಚೂಪಾಗಿರುವ ನಾಣ್ಯ ಹಗುರವಾಗಿದ್ದರೆ ಮಾತ್ರ ಅದಕ್ಕೆ ಬೇರೆ ಕಾರಣ ಬೇಕು. ಹೆಚ್ಚು ತೂಗುವ ನಾಣ್ಯವಂತೂ ಇನ್ನೂ ಅನುಮಾನಕ್ಕೆ ಯೋಗ್ಯ. ಟಂಕಸಾಲೆ ಒಪ್ಪುವ ಅಲ್ಪ ಏರುಪೇರನ್ನು ಬಿಟ್ಟರೆ, ಸವೆತದಿಂದ ತೂಕ ಹೆಚ್ಚಾದ ನಾಣ್ಯ ಜಗತ್ತಿನಲ್ಲಿಲ್ಲ.

ಬೆಳ್ಳಿಯ ಬಗ್ಗೆ ಸಂಶಯವಿದ್ದರೆ ನೀರಿನ ಪರೀಕ್ಷೆ ಮಾಡಿ. ಗೀರು ಹಾಕುವುದಕ್ಕಿಂತ, ಆಸಿಡ್ ತೊಟ್ಟಿಕ್ಕುವುದಕ್ಕಿಂತ ಸಾವಿರ ಪಾಲು ಮೇಲು. ಅವೆರಡೂ ನಾಣ್ಯವನ್ನೇ ಕೆಡಿಸುತ್ತವೆ. ಯಂತ್ರದ ಮೇಲೆ ನೀರು ತುಂಬಿದ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ನವಿರಾದ ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೈಗೆ ಅಂಟಿದ ಗಾಳಿಗುಳ್ಳೆಗಳನ್ನು ಕೊಡವಿ. ಆಗ ಯಂತ್ರ ತೋರಿಸುವ ಅಂಕಿಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಒಮ್ಮೆ ಹೀಗೆ ನೋಡಿದ ಎರಡು ರೂಪಾಯಿಗಳ ಲೆಕ್ಕ ಹೇಳುತ್ತೇನೆ. ಒಂದು ಒಣಗಿದ್ದಾಗ 11.62 ಗ್ರಾಂ, ನೀರಿನಲ್ಲಿ 1.13, ಭಾಗಿಸಿದರೆ 10.28. ರೂಪಾಯಿಯ ಬೆಳ್ಳಿಗೆ ಸುಮಾರು 10.3 ಬರಬೇಕು, ಬಂತು. ಇನ್ನೊಂದು 11.60 ಗ್ರಾಂ, ತೂಕದಲ್ಲಿ ಎಲ್ಲೂ ಸಿಕ್ಕಿಬೀಳುತ್ತಿರಲಿಲ್ಲ. ನೀರಿನಲ್ಲಿ 1.34 ತೋರಿಸಿತು. ಭಾಗಿಸಿದರೆ 8.66, ಅದು ಹಿತ್ತಾಳೆಯ ಅಂಕಿ. ಬೆಳ್ಳಿಯ ಲೇಪದ ಕೆಳಗಿದ್ದ ಲೋಹವನ್ನು ನಾಣ್ಯಕ್ಕೆ ಒಂದು ಗೀರೂ ಆಗದಂತೆ ಈ ಲೆಕ್ಕ ತೋರಿಸಿಕೊಟ್ಟಿತು. ಸಣ್ಣ ನಾಣ್ಯಗಳಲ್ಲಿ ಮಾತ್ರ ಎಚ್ಚರ: ಎರಡು ಗ್ರಾಂ ನಾಣ್ಯದಲ್ಲಿ ಯಂತ್ರದ 0.01 ಗ್ರಾಂ ವ್ಯತ್ಯಾಸವೇ ಫಲಿತಾಂಶವನ್ನು ಎತ್ತಲೋ ಒಯ್ಯುತ್ತದೆ. ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ. ಮುಗಿದ ಮೇಲೆ ನೀರನ್ನು ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು, ಉಜ್ಜಬಾರದು.

ಅಯಸ್ಕಾಂತದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ: ಅಂಟಿಕೊಂಡರೆ ನಕಲಿ ಎಂದು. ಬೆಳ್ಳಿ, ಚಿನ್ನ, ತಾಮ್ರದ ನಾಣ್ಯಗಳಿಗೆ ಆ ಮಾತು ಸರಿ. 1947ರ ಭಾರತದ ರೂಪಾಯಿ ಶುದ್ಧ ನಿಕಲ್, ಅದು ಅಂಟಿಕೊಳ್ಳಲೇಬೇಕು. ಬ್ರಿಟನ್ನಿನ ಒಂದು ಮತ್ತು ಎರಡು ಪೆನ್ನಿ 1992ರಿಂದ ತಾಮ್ರ ಲೇಪಿಸಿದ ಉಕ್ಕು. ಅಮೆರಿಕದ 1943ರ ಸೆಂಟ್ ಯುದ್ಧಕಾಲದ ತಾಮ್ರದ ಅಭಾವದಿಂದ ಸತುವು ಲೇಪಿಸಿದ ಉಕ್ಕಿನಲ್ಲಿ ಬಂದದ್ದು. ಆ ವರ್ಷ ತಪ್ಪಿ ಕಂಚಿನ ಬಿಲ್ಲೆಗಳ ಮೇಲೆ ಬಿದ್ದ ಕೆಲವೇ ಕೆಲವು ನಾಣ್ಯಗಳು ಜಗತ್ಪ್ರಸಿದ್ಧ. ನಿಮಗೆ ಕೆಂಪು ಬಣ್ಣದ 1943 ಸಿಕ್ಕಿದರೆ ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕಿಗೆ ತಾಮ್ರ ಬಳಿದದ್ದು. ಅಂಟದಿದ್ದರೆ ತೂಗಿ: ಕಂಚಿನದು 3.11 ಗ್ರಾಂ, ಉಕ್ಕಿನದು 2.7. ತೂಕವೂ ಸರಿಬಂದರೆ ಇಸವಿಯ 3 ನೋಡಿ. 1948ರ 8ನ್ನು ಕೆತ್ತಿ 3 ಮಾಡುವವರಿದ್ದಾರೆ. ನಿಜವಾದ 1943ರಲ್ಲಿ 3ರ ಬಾಲ ಇತರ ಅಂಕಿಗಳಿಗಿಂತ ಕೆಳಕ್ಕೆ ಉದ್ದವಾಗಿ ಇಳಿದಿರುತ್ತದೆ. ಕೆತ್ತಿದ 8ಕ್ಕೆ ಆ ಬಾಲ ಎಲ್ಲಿಂದಲೂ ಬರುವುದಿಲ್ಲ.

ಉಬ್ಬೋ, ತಗ್ಗೋ

ಇಲ್ಲಿ ನಿಧಾನವಾಗಿ ಓದಿ, ಪರೀಕ್ಷೆಯ ಬೆನ್ನೆಲುಬೇ ಇದು. ಡೈಯಲ್ಲಿ ತಗ್ಗಿದ್ದದ್ದು ನಾಣ್ಯದಲ್ಲಿ ಉಬ್ಬಾಗುತ್ತದೆ. ಡೈ ಸೀಳಿದರೆ ಆ ಸೀಳಿಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬು ಗೆರೆ ಮೂಡುತ್ತದೆ. ಡೈಯ ಅಂಚು ಮುರಿದು ಬಿದ್ದರೆ ಅಲ್ಲಿ ಚಿತ್ರವಿಲ್ಲದ ಗಡ್ಡೆ ಏಳುತ್ತದೆ, ಅದನ್ನು ಕಡ್ ಎನ್ನುತ್ತಾರೆ. ಡೈಗೆ ಪಾಲಿಶ್ ಮಾಡಿದ ಗೀರುಗಳೂ ನಾಣ್ಯದಲ್ಲಿ ಉಬ್ಬಾಗಿ ಬರುತ್ತವೆ, ಅಕ್ಷರದ ಬುಡದವರೆಗೆ ಬಂದು ಅಲ್ಲೇ ನಿಲ್ಲುತ್ತವೆ. ಯಾಕೆಂದರೆ ಡೈಯಲ್ಲಿ ಅಕ್ಷರ ಇರುವುದು ಕೆಳಗೆ, ಪಾಲಿಶ್ ಕಲ್ಲು ಅಲ್ಲಿಗೆ ತಲುಪುವುದಿಲ್ಲ. ನಾಣ್ಯವನ್ನೇ ತಿಕ್ಕಿ ತೊಳೆದಿದ್ದರೆ ಗೀರುಗಳು ತಗ್ಗಾಗಿರುತ್ತವೆ, ಅಕ್ಷರದ ನೆತ್ತಿಯ ಮೇಲೂ ಹಾದುಹೋಗುತ್ತವೆ.

ತಗ್ಗು ಗೀರೊಂದನ್ನು ಲೂಪಿನಲ್ಲಿ ಹತ್ತಿರದಿಂದ ನೋಡಿ. ನೇಗಿಲು ಹೂಡಿದ ಸಾಲಿನ ಎರಡೂ ಕಡೆ ಮಣ್ಣು ಏರಿ ನಿಲ್ಲುವಂತೆ ಗೀರಿನ ಇಕ್ಕೆಲದಲ್ಲೂ ಲೋಹ ಎದ್ದು ನಿಂತಿರುತ್ತದೆ. ಒಳಗಿನ ಬಣ್ಣ ಸುತ್ತಲಿನದಕ್ಕಿಂತ ಹೊಸದಾಗಿ ಹೊಳೆಯುತ್ತದೆ. ಟಂಕಸಾಲೆ ದಾಟಿದ ಮೇಲೆ ಬಿದ್ದ ಗಾಯಕ್ಕೆ ಇದೇ ಸಾಕ್ಷಿ. ತಗ್ಗಾಗಿದ್ದೂ ಎರರ್ ಆಗಿರುವ ಒಂದು ಬಗೆ ಇದೆ: ಹೊಡೆಯುವಾಗ ಡೈಗೂ ಬಿಲ್ಲೆಗೂ ನಡುವೆ ದಾರದ ತುಣುಕು, ಬಟ್ಟೆ, ಗ್ರೀಸ್ ಸಿಕ್ಕಿಕೊಂಡಿದ್ದರೆ ಅದರ ಆಕಾರ ನಾಣ್ಯದಲ್ಲಿ ಒತ್ತಿ ಉಳಿಯುತ್ತದೆ. ಅಂಥ ತಗ್ಗಿನ ಬದಿ ಮೃದು, ಲೋಹ ಏರಿ ನಿಂತಿರುವುದಿಲ್ಲ, ತಳದ ಹೊಳಪು ಸುತ್ತಲಿನ ಹೊಳಪಿನ ಜೊತೆ ಸೇರಿಕೊಂಡಿರುತ್ತದೆ. ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಇನ್ನೊಂದಿದೆ. ತೂಕ ಹೆಚ್ಚಾದ ಬಿಲ್ಲೆಯನ್ನು ಹೊಡೆಯುವ ಮುಂಚೆ ಅರದಿಂದ ಉಜ್ಜುತ್ತಿದ್ದರು. ಆ ಸಮಾನಾಂತರ ಗೀರುಗಳು ಹೊಡೆತದ ಅಡಿಯಲ್ಲಿ ಅರ್ಧ ಅಳಿಸಿ ಉಳಿದಿರುತ್ತವೆ. ಅವು ಹಾನಿಯ ಲೆಕ್ಕಕ್ಕೆ ಬರುವುದಿಲ್ಲ.

ಫೋಟೊ ನೋಡಿ ಉಬ್ಬೋ ತಗ್ಗೋ ಹೇಳಲು ಹೋಗಬೇಡಿ. ಬೆಳಕು ಕೆಳಗಿನಿಂದ ಬಿದ್ದಿದ್ದರೆ ಕಣ್ಣಿಗೆ ಎರಡೂ ಅದಲುಬದಲಾಗಿ ಕಾಣುತ್ತವೆ. ನಾಣ್ಯವನ್ನು ಒಂಟಿ ದೀಪದ ಕೆಳಗೆ ಓರೆಯಾಗಿ ಹಿಡಿದು ಒಂದು ಸುತ್ತು ತಿರುಗಿಸಿ, ನೆರಳು ದೀಪದ ಕಡೆಗೆ ಬೀಳುತ್ತದೋ ಆಚೆಗೋ ನೋಡಿ. ಉಬ್ಬಿನ ನೆರಳು ಆಚೆಗೆ ಬೀಳುತ್ತದೆ. ತಗ್ಗಿನಲ್ಲಿ ದೀಪದ ಕಡೆಯ ಗೋಡೆಯೇ ಕಪ್ಪಾಗುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಉಬ್ಬು ಗೆರೆ ಹೇಳುವುದು ದೋಷ ಡೈಯಲ್ಲಿತ್ತು ಎಂದಷ್ಟೇ. ಆ ಡೈ ಟಂಕಸಾಲೆಯದೋ ಕಳ್ಳ ಮನೆಯದೋ ಎಂಬುದನ್ನು ಅದು ಹೇಳುವುದಿಲ್ಲ.

ಅಕ್ಷರಗಳು ಎರಡೆರಡಾಗಿ ಕಂಡರೆ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಎರಡಾಗಿ ಕಾಣುವುದಕ್ಕೆ ಮುಖ್ಯವಾಗಿ ಮೂರು ಕಾರಣ, ಬೆಲೆಯಿರುವುದು ಒಂದಕ್ಕೆ ಮಾತ್ರ.

ಹಿಂದೆ ಡೈ ಮಾಡುವಾಗ ಮೂಲ ಅಚ್ಚನ್ನು, ಅಂದರೆ ಹಬ್ ಅನ್ನು, ಉಕ್ಕಿನ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಿದ್ದರು. ಎರಡನೆಯ ಒತ್ತು ಕೂದಲಷ್ಟು ತಿರುಗಿದರೂ ಡೈಯಲ್ಲೇ ಎರಡು ಚಿತ್ರ ಉಳಿಯುತ್ತದೆ. ಡಬಲ್ಡ್ ಡೈ ಎಂದರೆ ಇದು. 1955ರ ಅಮೆರಿಕದ ಸೆಂಟಿನಲ್ಲಿ ಇಸವಿ ಮತ್ತು ಮುಂಬದಿಯ ಬರಹ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಎರಡನೆಯ ಚಿತ್ರ ಮೊದಲನೆಯದರ ಹಾಗೆಯೇ ದುಂಡಗೆ ಉಬ್ಬಿರುತ್ತದೆ, ಅಕ್ಷರದ ಒಟ್ಟು ಅಗಲ ಹೆಚ್ಚಿರುತ್ತದೆ, ಅಕ್ಷರದ ತುದಿಯಲ್ಲಿ ಎರಡು ಮೂಲೆಗಳ ನಡುವೆ ಸೀಳಿದ ಹಾವಿನ ನಾಲಿಗೆಯಂಥ ಕಚ್ಚು ಕಾಣುತ್ತದೆ. ಈ ಕಚ್ಚನ್ನೇ ಹುಡುಕಿ.

ಎರಡನೆಯ ಕಾರಣ ಮಷೀನ್ ಡಬ್ಲಿಂಗ್. ಹೊಡೆದ ಕ್ಷಣದಲ್ಲಿ ಸಡಿಲವಾಗಿದ್ದ ಡೈ ತುಸು ಜಾರಿ, ಆಗತಾನೇ ಮೂಡಿದ ಅಕ್ಷರದ ಬದಿಯನ್ನು ಒತ್ತಿ ಚಪ್ಪಟೆ ಮಾಡಿರುತ್ತದೆ. ಅಕ್ಷರದ ಪಕ್ಕದಲ್ಲಿ ಮೆಟ್ಟಿಲಿನಂಥ, ನಾಣ್ಯದ ನೆಲಕ್ಕೆ (ಚಿತ್ರ, ಅಕ್ಷರವಿಲ್ಲದ ಬಯಲಿಗೆ) ಹತ್ತಿರವಾದ, ಮಿರುಗುವ ಚಪ್ಪಟೆ ಪಟ್ಟಿ. ಆ ಪಟ್ಟಿ ಅಕ್ಷರದ್ದೇ ಲೋಹವನ್ನು ಕಿತ್ತುಕೊಂಡು ಆದದ್ದು, ಹಾಗಾಗಿ ಅಕ್ಷರ ಸಣಕಲಾಗಿರುತ್ತದೆ. ಅಕ್ಷರ ದಪ್ಪಗಾಗಿದೆಯೋ ಸಣ್ಣಗಾಗಿದೆಯೋ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಇವೆರಡನ್ನು ಬೇರ್ಪಡಿಸಿದಂತೆಯೇ.

ಮೂರನೆಯದು ಡೈ ದಣಿದು ಸವೆದದ್ದು. ಲಕ್ಷಾಂತರ ಹೊಡೆತ ತಿಂದ ಡೈಯಲ್ಲಿ ಅಕ್ಷರದ ಅಂಚು ಹರಡಿ ಮಸುಕು ನೆರಳು ಮೂಡುತ್ತದೆ, ಸುತ್ತಲಿನ ಬಯಲು ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ. ಅದೇ 1955ರಲ್ಲಿ ಕೊನೆಯ 5 ಮಾತ್ರ ಎರಡಾಗಿ ಕಾಣುವ ಸೆಂಟುಗಳಿವೆ. ಬಡವನ ಡಬಲ್ ಡೈ ಎಂಬ ಹೆಸರು ಅವುಗಳಿಗೆ ಅಂಟಿಕೊಂಡಿದೆ. ಅವೆಲ್ಲ ಸವೆದ ಡೈಯ ಮಕ್ಕಳು, ನಿಜವಾದ ಡಬಲ್ಡ್ ಡೈಗೂ ಅವಕ್ಕೂ ಸಂಬಂಧವಿಲ್ಲ.

ಇರಬೇಕಾದದ್ದು ಇಲ್ಲದಿದ್ದರೆ

ಅಕ್ಷರವೋ ಅಂಕಿಯೋ ಮಾಯವಾಗಿದ್ದರೆ ಸಾಮಾನ್ಯ ಕಾರಣ ಗ್ರೀಸು. ಡೈಯ ತಗ್ಗಿನಲ್ಲಿ ಗ್ರೀಸು, ಧೂಳು ತುಂಬಿಕೊಂಡರೆ ಆ ಅಕ್ಷರ ಮೂಡುವುದಿಲ್ಲ. ಅಲ್ಲಿ ನೆಲ ಸಹಜವಾಗಿರುತ್ತದೆ, ಅಕ್ಷರ ಮೆಲ್ಲಗೆ ಮರೆಯಾಗುತ್ತ ಹೋಗುತ್ತದೆ. ಯಾರೋ ಅಕ್ಷರ ಕೆರೆದು ತೆಗೆದಿದ್ದರೆ ನೆಲದಲ್ಲಿ ಸಣ್ಣ ಗುಂಡಿ ಬಿದ್ದಿರುತ್ತದೆ, ಹೊಳಪು ತುಂಡಾಗಿರುತ್ತದೆ, ಓರೆ ಬೆಳಕಿನಲ್ಲಿ ಉಜ್ಜಿದ ಗುರುತು ಎದ್ದು ಕಾಣುತ್ತದೆ.

ಇದಕ್ಕೆ ನನಗೆ ಅತ್ಯಂತ ಇಷ್ಟವಾದ ಪಾಠ 1937-ಡಿ ಅಮೆರಿಕದ ಬಫಲೋ ನಿಕಲ್, ಕಾಡೆಮ್ಮೆಯ ಚಿತ್ರವಿರುವ ಐದು ಸೆಂಟಿನ ನಾಣ್ಯ. ಡಿ ಎಂದರೆ ಡೆನ್ವರ್ ಟಂಕಸಾಲೆ. ಅಲ್ಲಿ ಒಂದು ಡೈಯನ್ನು ಅತಿಯಾಗಿ ಉಜ್ಜಿ ಸರಿಪಡಿಸಲು ಹೋಗಿ ಕಾಡೆಮ್ಮೆಯ ಮುಂಗಾಲೊಂದು ಅಳಿಸಿಹೋಯಿತು. ಗೊರಸು ಮಾತ್ರ ಉಳಿಯಿತು. ಮೂರು ಕಾಲಿನ ಈ ನಾಣ್ಯಕ್ಕೆ ಬೇಡಿಕೆ ಎಷ್ಟೆಂದರೆ ಸಾದಾ ನಾಣ್ಯದ ಕಾಲನ್ನು ಕೆರೆದು ತೆಗೆದು ಮಾರುವ ದಂಧೆ ಬಹಳ ಹಿಂದೆಯೇ ಶುರುವಾಯಿತು. ಕೆರೆದವನಿಗೆ ಕಾಲು ತೆಗೆಯಲು ಬರುತ್ತದೆ, ಇಲ್ಲದ್ದನ್ನು ಸೇರಿಸಲು ಬರುವುದಿಲ್ಲ. ಅಸಲಿ ನಾಣ್ಯದಲ್ಲಿ ಹೊಟ್ಟೆಯ ಕೆಳಗಿನಿಂದ ನೆಲದವರೆಗೆ ಸಣ್ಣ ಉಬ್ಬು ಚುಕ್ಕೆಗಳ ಸಾಲೊಂದು ಇಳಿಯುತ್ತದೆ, ಹಿಂಗಾಲು ಹುಳ ತಿಂದ ಮರದಂತೆ ಕೊರೆದುಹೋಗಿರುತ್ತದೆ. ಆ ಎರಡೂ ಅದೇ ಡೈಯ ಗುರುತು. ಕಾಲು ಇಲ್ಲದ್ದನ್ನು ನೋಡಿ ಕೊಳ್ಳಬೇಡಿ, ಚುಕ್ಕೆ ಇರುವುದನ್ನು ನೋಡಿ ಕೊಳ್ಳಿ.

ಕೆಲವೊಮ್ಮೆ ಲೂಪ್ ಮುಟ್ಟುವ ಮೊದಲೇ ತರ್ಕವೇ ಉತ್ತರ ಕೊಡುತ್ತದೆ. 2008ರಲ್ಲಿ ಬ್ರಿಟನ್ನಿನ 20 ಪೆನ್ಸಿನ ವಿನ್ಯಾಸ ಬದಲಾದಾಗ ಇಸವಿ ಹಿಂಬದಿಯಿಂದ ಮುಂಬದಿಗೆ ಹೋಯಿತು. ಹಳೆಯ ಮುಂಬದಿಯ ಡೈಗೆ ಹೊಸ ಹಿಂಬದಿಯ ಡೈ ಜೊತೆಯಾದದ್ದರಿಂದ ಎರಡೂ ಕಡೆ ಇಸವಿಯಿಲ್ಲದ ನಾಣ್ಯಗಳು ಹೊರಬಿದ್ದವು. ಹಾಗಾದರೆ ಅಸಲಿಯಲ್ಲಿ ಹಿಂಬದಿಗೆ ಹೊಸ ಗುರಾಣಿಯ ಚಿತ್ರವೇ ಇರಬೇಕು. ಹಳೆಯ ಗುಲಾಬಿ ಚಿತ್ರವಿದ್ದು ಇಸವಿ ಇಲ್ಲವೆಂದರೆ ಅದನ್ನು ಅರ ಹಾಕಿ ತೆಗೆದದ್ದು ಅಥವಾ ಗ್ರೀಸಿನ ಕೆಲಸ. 1922ರ ಅಮೆರಿಕದ ಸೆಂಟ್ ಕೂಡ ಹಾಗೆಯೇ. ಆ ವರ್ಷ ಸೆಂಟ್ ಹೊಡೆದದ್ದು ಡೆನ್ವರ್ ಒಂದೇ, ಅಂದಮೇಲೆ ಡಿ ಅಕ್ಷರವಿಲ್ಲದ ನಾಣ್ಯಕ್ಕೆ ಸವೆದ, ತುಂಬಿಕೊಂಡ ಡೈ ಕಾರಣವಾಗಿರಬೇಕು, ಇಲ್ಲವೇ ಕೆರೆದ ಚಾಕು.

ಆಕಾರ ಕೆಟ್ಟಿದ್ದರೆ

ಅಂಚಿನಲ್ಲಿ ಕಚ್ಚಿದಂತೆ ಅರ್ಧಚಂದ್ರಾಕಾರ ಕಡಿಮೆಯಿದ್ದರೆ ಅದು ಕ್ಲಿಪ್: ಬಿಲ್ಲೆ ಕತ್ತರಿಸುವಾಗ ಯಂತ್ರ ಹಿಂದಿನ ತೂತಿನ ಮೇಲೆ ಬಿದ್ದದ್ದು. ನಾಣ್ಯದ ಎದುರು ದಿಕ್ಕಿನ ಅಂಚನ್ನು ನೋಡಿ. ಅಲ್ಲಿ ಏಣು, ಅಂದರೆ ಅಂಚಿನ ಎದ್ದ ಸುತ್ತು, ಬಲಗುಂದಿದ್ದರೆ ಒಳ್ಳೆಯ ಲಕ್ಷಣ, ಅಂಚು ಎಬ್ಬಿಸುವ ಯಂತ್ರಕ್ಕೆ ಈ ಕಡೆ ಆಧಾರ ಸಿಗದೆ ಆ ಕಡೆ ಒತ್ತಡ ಬಿದ್ದಿಲ್ಲ. ಕಚ್ಚಿನ ಬಳಿ ಅಕ್ಷರಗಳು ಎಳೆದುಕೊಂಡಂತೆ ಹರಡಿರುವುದೂ ಒಳ್ಳೆಯದೇ. ಅಕ್ಷರ ನೆಟ್ಟಗೆ ನಿಂತು ಫಕ್ಕನೆ ತುಂಡಾಗಿದ್ದರೆ ಕತ್ತರಿಯ ಕೆಲಸ.

ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಒತ್ತಿಕೊಂಡಿದ್ದು, ಅದರಡಿ ಮೂಲ ಚಿತ್ರ ಚಪ್ಪಟೆಯಾಗಿದ್ದರೆ ಎರಡು ನಾಣ್ಯಗಳನ್ನು ಬೆಂಚ್ ವೈಸಿನಲ್ಲಿ ಇಟ್ಟು ಹಿಂಡಿದ್ದಾರೆ. ಎರಡು ಸಲ ಹೊಡೆಸಿಕೊಂಡ ನಾಣ್ಯದಲ್ಲಿ ಎರಡನೆಯ ಚಿತ್ರವೂ ನೆಟ್ಟಗೆ, ಉಬ್ಬಾಗಿಯೇ ಇರುತ್ತದೆ. ಸುತ್ತಲೂ ಏಣು ಸುರುಳಿಯಂತೆ ಒಳಕ್ಕೆ ಮಡಚಿ ನಾಣ್ಯ ಚಿಕ್ಕದಾಗಿದ್ದರೆ ಬಟ್ಟೆ ಒಣಗಿಸುವ ಯಂತ್ರದ ಸಂದಿಯಲ್ಲಿ ತಿರುತಿರುಗಿ ಹಾಗಾದದ್ದು. ಒಟ್ಟಾರೆ ತೆಳ್ಳಗಾಗಿ, ಎಲ್ಲ ಚಿತ್ರವೂ ಮೇಣದಂತೆ ಕರಗಿದ್ದರೆ ಆಸಿಡ್. ಎರಡೂ ಕಡೆ ತಲೆಯಿರುವ ನಾಣ್ಯ ಸಿಕ್ಕಿತೆಂದು ತಂದು ತೋರಿಸುವವರು ಬಹಳ. ಏಣಿನ ಒಳಮಗ್ಗುಲಲ್ಲಿ ಕೂದಲಿನಂಥ ಸುತ್ತುಗೆರೆ ಹುಡುಕಿ. ಒಂದು ನಾಣ್ಯವನ್ನು ಬಟ್ಟಲಿನಂತೆ ಕೊರೆದು ಇನ್ನೊಂದರ ಮುಖವನ್ನು ಕೂರಿಸಿದ ಜಾದೂಗಾರರ ನಾಣ್ಯ ಅದು, ಬೆರಳ ತುದಿಯಲ್ಲಿಟ್ಟು ತಟ್ಟಿದರೆ ದನಿ ಸತ್ತಿರುತ್ತದೆ.

ಎಲ್ಲ ಸರಿಯಿದ್ದೂ ಮನಸ್ಸು ಒಪ್ಪದಿದ್ದರೆ

ಎರಕದ ನಕಲಿ ಸುಲಭ. ಅಕ್ಷರದ ಬುಡ ದುಂಡಗೆ ಮೆತ್ತಗಿರುತ್ತದೆ, ನೆಲದಲ್ಲಿ ಗಾಳಿಗುಳ್ಳೆಯ ಸೂಜಿಮೊನೆ ತೂತುಗಳು, ಅಂಚಿನ ಸುತ್ತ ಬೆಸುಗೆಯ ಗೆರೆ ಅಥವಾ ಅದನ್ನು ಉಜ್ಜಿದ ಗುರುತು. ಸವೆತವನ್ನೂ ನೋಡಿ. ಕೈಯಿಂದ ಕೈಗೆ ಹೋದ ನಾಣ್ಯ ಮೊದಲು ಸವೆಯುವುದು ಎತ್ತರದ ಜಾಗಗಳಲ್ಲಿ: ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟದ ತುದಿ. ತಗ್ಗಿನಲ್ಲೂ ನೆತ್ತಿಯಲ್ಲೂ ಒಂದೇ ಸಮ ಸವೆದಿದ್ದರೆ ಆ ಸವೆತವನ್ನು ಯಾರೋ ತಯಾರಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಾಚೀನ ನಾಣ್ಯಗಳ ನಕಲು ಮಾಡಿ ಹೆಸರಾದ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ ತನ್ನ ಹೊಸ ನಾಣ್ಯಗಳನ್ನು ಕಬ್ಬಿಣದ ಪುಡಿ, ಜಿಡ್ಡು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಸಾರೋಟಿಗೆ ಕಟ್ಟಿ ಕುಲುಕಾಡಿಸಿ ಮುದುಕಾಗಿಸುತ್ತಿದ್ದ ಎನ್ನುತ್ತಾರೆ.

ಕಷ್ಟ ಕೊಡುವುದು ಡೈಯಿಂದಲೇ ಹೊಡೆದ ನಕಲಿ. ನನ್ನ ಬಳಿ ಒಂದೇ ಇಸವಿಯ ಎರಡು ವಿಕ್ಟೋರಿಯಾ ರೂಪಾಯಿಗಳಿದ್ದವು, ತಿಂಗಳುಗಳ ಅಂತರದಲ್ಲಿ ಬೇರೆ ಬೇರೆಯವರಿಂದ ಬಂದವು. ತೂಕ ಸರಿ, ನೀರಿನ ಅಂಕಿ ಸರಿ, ಬೆಳ್ಳಿ ನಿಜವಾದದ್ದೇ. ಒಂದು ಸಂಜೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವಾಗ ಮೊದಲನೆಯದರಲ್ಲಿ ರಾಣಿಯ ಕಿವಿಯ ಕೆಳಗೆ, ಕುತ್ತಿಗೆಯ ಮೇಲೆ, ಅಕ್ಕಿ ನುಚ್ಚಿನಷ್ಟು ಸಣ್ಣ ತಗ್ಗು ಕಂಡಿತು. ಹಳೆಯ ನಾಣ್ಯಕ್ಕೆ ಅಂಥ ಏಟು ಸಹಜ. ಎರಡನೆಯದಕ್ಕೆ ಕಣ್ಣು ಹೊರಳಿಸಿದೆ. ಅದೇ ಜಾಗದಲ್ಲಿ, ಅದೇ ಓರೆಯಲ್ಲಿ, ಅದೇ ನುಚ್ಚು. ತಗ್ಗಿನ ಬದಿಯಲ್ಲಿ ಲೋಹ ಏರಿರಲಿಲ್ಲ. ಒಳಗಿನ ಹೊಳಪು ಸುತ್ತಲಿನ ಹೊಳಪೇ ಆಗಿತ್ತು. ಏಟು ಒಂದು ನಾಣ್ಯದ ಸ್ವಂತದ್ದು, ಎರಡು ನಾಣ್ಯಕ್ಕೆ ಒಂದೇ ಏಟು ಬೀಳಲಾರದು. ಯಾರೋ ಒಂದು ಅಸಲಿ ನಾಣ್ಯದಿಂದ ಅಚ್ಚು ತೆಗೆದಿದ್ದರು. ಅದರ ಮೈಮೇಲಿದ್ದ ಏಟೂ ಅಚ್ಚಿಗೆ ಹೋಗಿ, ಅಲ್ಲಿಂದ ಪ್ರತಿ ನಕಲಿಗೂ ಇಳಿದುಬಂದಿತ್ತು. ಅಂದಿನಿಂದ ನಾನು ಅನುಮಾನದ ನಾಣ್ಯದ ಏಟುಗಳ ಒಂದು ನಕ್ಷೆ ಬರೆದಿಡುತ್ತೇನೆ. ಅಂಥದ್ದೇ ಇನ್ನೊಂದರಲ್ಲಿ ಅದೇ ನಕ್ಷೆ ಕಂಡರೆ ತೀರ್ಪು ಹೇಳಿದಂತೆಯೇ. ಇಂಥವುಗಳಲ್ಲಿ ಅಂಚಿನ ಮಣಿಸಾಲಿನ ಬಳಿ, ಅಕ್ಷರದ ಸಂದಿಗಳಲ್ಲಿ ಹುಳ ಹರಿದಂಥ ಉಬ್ಬು ಗುರುತುಗಳನ್ನೂ ಹುಡುಕಿ. ಕಳ್ಳ ಡೈಯನ್ನು ಕೈಯಲ್ಲಿ ತಿದ್ದಿದಾಗ ಉಳಿಯುವ ಉಳಿಯ ಗೀರುಗಳವು.

ಕಳ್ಳರು ತಂತ್ರದಲ್ಲಿ ಗೆದ್ದು ಇತಿಹಾಸದಲ್ಲಿ ಸೋಲುವುದೂ ಉಂಟು. 1942ರಿಂದ 1945ರವರೆಗೆ ಅಮೆರಿಕದ ಐದು ಸೆಂಟಿನ ನಿಕಲ್‌ಗಳಲ್ಲಿ ನೂರಕ್ಕೆ 35 ಭಾಗ ಬೆಳ್ಳಿ ಬೆರೆಸಿ, ಗುರುತಿಗಾಗಿ ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡ ಮಿಂಟ್ ಮಾರ್ಕ್, ಅಂದರೆ ಟಂಕಸಾಲೆಯ ಗುರುತಿನ ಅಕ್ಷರ, ಹಾಕಿದರು. ಹೆನ್ನಿಂಗ್ ನಿಕಲ್ ಎಂದು ಹೆಸರಾದ 1944ರ ನಕಲಿಯಲ್ಲಿ ಆ ಮಾರ್ಕೇ ಇಲ್ಲ. ಬ್ರಿಟನ್ನಿನ ದುಂಡನೆಯ ಒಂದು ಪೌಂಡ್ 2017ರಲ್ಲಿ ಹಿಂದೆ ಸರಿಯುವ ಮುಂಚಿನ ವರ್ಷಗಳಲ್ಲಿ ಚಲಾವಣೆಯ ನೂರು ನಾಣ್ಯಗಳಲ್ಲಿ ಸುಮಾರು ಮೂರು ನಕಲಿಯಾಗಿದ್ದವು. ಅವುಗಳಲ್ಲಿ ಎಷ್ಟೋ ಸಿಕ್ಕಿಬಿದ್ದದ್ದು ಇಸವಿಗೂ ಹಿಂಬದಿಯ ಚಿತ್ರಕ್ಕೂ ಅಂಚಿನ ಬರಹಕ್ಕೂ ತಾಳೆಯಾಗದೆ. ಮುಂಬದಿ ಹಿಂಬದಿಯ ದಿಕ್ಕನ್ನೂ ನೋಡಿ: ಈಗಿನ ಬ್ರಿಟಿಷ್ ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿದರೆ ಚಿತ್ರ ನೆಟ್ಟಗೆ ಬರುತ್ತದೆ, ಅಮೆರಿಕದ್ದು ಮೇಲಿನಿಂದ ಕೆಳಕ್ಕೆ ಮಗುಚಿದಾಗ.

ವೆರೈಟಿ ಎಂದು ಹೇಳುವ ಮೊದಲು

ಮಿಂಟ್ ಮಾರ್ಕ್ ಒಂದರಿಂದಲೇ ನಾಣ್ಯ ಅಪರೂಪವಾಗುವ ಕಡೆಗಳಲ್ಲೆಲ್ಲ ಆ ಮಾರ್ಕ್ ಅಂಟಿಸುವವರು ಇದ್ದೇ ಇರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಎಸ್ ಗುರುತಿನ 1893-ಎಸ್ ಮಾರ್ಗನ್ ಡಾಲರ್ ಹೊಡೆದದ್ದು ಒಂದು ಲಕ್ಷ ಮಾತ್ರ, ಅದೇ ವರ್ಷದ, ಮಾರ್ಕ್ ಇಲ್ಲದ ಫಿಲಡೆಲ್ಫಿಯಾ ನಾಣ್ಯಕ್ಕೆ ಎಸ್ ಅಂಟಿಸಿದವು ಬಹಳ ಓಡಾಡುತ್ತಿವೆ. ಮಾರ್ಕಿನ ಬುಡವನ್ನು ಓರೆ ಬೆಳಕಿನಲ್ಲಿ ಸುತ್ತಲೂ ನೋಡಿ, ಸೀಳುಗೆರೆ ಕಂಡರೆ ಅಂಟಿಸಿದ್ದು. ಶುದ್ಧ ಅಸಿಟೋನಿನಲ್ಲಿ ನೆನೆಸಿದರೆ ಎಷ್ಟೋ ಅಂಟು ಬಿಡುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಗಾಳಿ ಆಡುವ ಕಡೆ, ಬೆಂಕಿಯಿಂದ ದೂರವಿಟ್ಟು ಮಾಡಿ. ಆಮೇಲೆ ಮಾರ್ಕನ್ನು ಬಿಟ್ಟು ಬೇರೆಡೆ ನೋಡಿ. ಅಸಲಿ 1893-ಎಸ್‌ನಲ್ಲಿ ಲಿಬರ್ಟಿ ಪದದ ಟಿ ಅಕ್ಷರದ ಮೇಲ್ಗೆರೆಯಲ್ಲಿ ಓರೆಯಾದ ಸಣ್ಣ ಉಬ್ಬುಗೀರಿದೆ. ಅಂಟಿಸುವವನು ಎಸ್ ತಂದಾನು, ಟಿ ಮೇಲಿನ ಗೀರು ತರಲಾರ. ಮಾರುವವರು ಬೊಟ್ಟು ಮಾಡಿ ತೋರಿಸುವ ಜಾಗದಲ್ಲಿ ಸಾಕ್ಷಿ ಹುಡುಕಬೇಡಿ, ಅವರು ತೋರಿಸದ ಜಾಗದಲ್ಲಿ ಹುಡುಕಿ.

ಕೆಲವು ವೆರೈಟಿಗಳಿಗೆ ಇಸವಿ ಪೂರ್ತಿ ಓದುವುದೇ ಪರೀಕ್ಷೆ. ಬ್ರಿಟನ್ನಿನ ಎರಡು ಪೆನ್ಸಿನಲ್ಲಿ ನ್ಯೂ ಪೆನ್ಸ್ ಎಂದಿರುವುದು 1971ರಿಂದ 1981ರವರೆಗೆ ತೀರ ಸಾಮಾನ್ಯ, 1983ರದ್ದಾದರೆ ಮಾತ್ರ ಎರರ್. ಇನ್ನು ಕೆಲವಕ್ಕೆ ಇಸವಿಯನ್ನು ನಂಬಲೂ ಆಗದು: 1862 ಎಂದಿರುವ ವಿಕ್ಟೋರಿಯಾ ರೂಪಾಯಿಗಳನ್ನು 1874ರವರೆಗೂ ಅದೇ ಇಸವಿಯಲ್ಲಿ ಹೊಡೆಯುತ್ತಿದ್ದರು, ಬೇರ್ಪಡಿಸಲು ಹಿಂಬದಿಯ ಚುಕ್ಕೆಗಳನ್ನು ಎಣಿಸಬೇಕು. ಅಲ್ಲಿ ಒಂದು ಕೊಳೆಯ ಕಣವೂ ಚುಕ್ಕೆಯಂತೆ ಕಂಡೀತು. 1982ರ ಅಮೆರಿಕದ ಸೆಂಟುಗಳಲ್ಲಿ ತೂಕವೇ ವೆರೈಟಿ, ತಾಮ್ರದ್ದು 3.11 ಗ್ರಾಂ, ಸತುವಿನದು 2.5.

ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ, ಅಂದರೆ ನಾಣ್ಯ ಪರೀಕ್ಷಿಸುವ ಸಂಸ್ಥೆ ನಂಬರ್ ಹಾಕಿ ಮುಚ್ಚಿಕೊಡುವ ಡಬ್ಬಿಯಲ್ಲಿ, ಮೊಹರಾಗಿ ಬಂದದ್ದಕ್ಕೂ ರಿಯಾಯಿತಿ ಕೊಡಬೇಡಿ. ಸ್ಲ್ಯಾಬನ್ನೂ ನಕಲು ಮಾಡುತ್ತಾರೆ, ಅಸಲಿ ನಂಬರನ್ನೇ ಅದಕ್ಕೆ ಹಾಕುತ್ತಾರೆ. ನಂಬರ್ ಆ ಸಂಸ್ಥೆಯ ದಾಖಲೆಯಲ್ಲಿ ಇದೆಯೇ ಎಂದಷ್ಟೇ ನೋಡದೆ, ದಾಖಲೆಯ ಚಿತ್ರದಲ್ಲಿರುವ ಏಟು, ಬಣ್ಣದ ಮಚ್ಚೆ ನಿಮ್ಮ ನಾಣ್ಯದಲ್ಲಿವೆಯೇ ತಾಳೆ ನೋಡಿ.

ನಕಲಿ ಎಂದು ಖಚಿತವಾದದ್ದನ್ನು ಮತ್ತೆ ಮಾರಬೇಡಿ, ಯಾರಿಗೂ ದಾಟಿಸಬೇಡಿ. ನಕಲಿ ಎಂದು ದೊಡ್ಡದಾಗಿ ಬರೆದ ಲಕೋಟೆಯಲ್ಲಿ, ತೂಕ, ನೀರಿನ ಅಂಕಿ, ಏಟುಗಳ ನಕ್ಷೆ ಸಮೇತ ಬೇರೆ ಡಬ್ಬಿಯಲ್ಲಿಡಿ. ಮುಂದಿನ ಅನುಮಾನದ ನಾಣ್ಯ ಬಂದಾಗ ಪಕ್ಕದಲ್ಲಿಟ್ಟು ನೋಡಲು ಅದಕ್ಕಿಂತ ಒಳ್ಳೆಯ ಸಾಧನ ಸಿಗುವುದಿಲ್ಲ. ಚಲಾವಣೆಯಲ್ಲಿರುವ ಹಣದ ನಕಲಿಯಾದರೆ ಅದನ್ನು ಇಟ್ಟುಕೊಳ್ಳುವುದೂ ಹಲವು ಕಡೆ ಅಪರಾಧ, ಬ್ಯಾಂಕಿಗೋ ಪೊಲೀಸರಿಗೋ ಒಪ್ಪಿಸಿ. ಯಾವ ಹಂತದಲ್ಲೂ ಕೂರದೆ ಉಳಿದದ್ದಕ್ಕೆ ನಾನು ಇನ್ನೊಂದು ಲಕೋಟೆ ಇಟ್ಟಿದ್ದೇನೆ. ಅದರ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಕು ಮಾತ್ರ ಬರೆದಿದ್ದೇನೆ, ಹೆಸರು ಬರೆದಿಲ್ಲ. ಆರು ತಿಂಗಳಿಗೊಮ್ಮೆ ಅದನ್ನು ತೆರೆದು ಮತ್ತೆ ತೂಕದಿಂದಲೇ ಶುರು ಮಾಡುತ್ತೇನೆ.